ಹಾಲೆಷ್ಟು ಅಂತ ಕೇಳಿದೆ, ಗಬ್ಬದ ಮಾತೇ ಕೇಳಲಿಲ್ಲ

ಭಾಲ್ಕಿ ಸೀಮೆಯ ನಮ್ಮ ಕೊಟ್ಟಿಗೆಯ ಗೋಡೆಗೆ ಕ್ಯಾಲೆಂಡರ್ ಒಂದು ತೂಗುತ್ತಿದೆ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್, ಹೆಚ್ಚು ಹಾಲಿನ ವಿದೇಶಿ ತಳಿ) ಆಕಳು ಬೆದೆಗೆ ಬಂದ ದಿನಕ್ಕೆಲ್ಲ ಕೆಂಪು ಗುರುತು. ಫೆಬ್ರುವರಿಯಿಂದ ಜುಲೈವರೆಗೆ, 21 ದಿನಕ್ಕೊಂದರಂತೆ, ಆರು. ಮೇ ತಿಂಗಳಲ್ಲಿ ಒಂದು ಸಲ ಖಾಲಿ. ಬೆದೆ ಬಂದು ಹೋಗಿದ್ದೇ ನಮಗೆ ತಿಳಿಯಲಿಲ್ಲ. ಆ ಬಿಸಿಲಿಗೆ ಕೂಗೂ ಇಲ್ಲ, ಲೋಳೆಯೂ ಇಲ್ಲ, ನಾಲಿಗೆ ಚಾಚಿ ತೇಕುತ್ತ ನಿಂತಿತ್ತು ಅಷ್ಟೆ. ಆರು ಸಲವೂ ಸೆಮೆನ್ ಹಾಕಿಸಿದೆ, ಆರು ಸಲವೂ ಗಬ್ಬ ನಿಲ್ಲದೆ ತಿರುಗಿ ಬೆದೆಗೆ ಬಂತು.

ಪಕ್ಕದ ಗೂಟದಲ್ಲಿ ನಮ್ಮತ್ತೆಯ ದೇವಣಿ, ನಮ್ಮ ಸೀಮೆಯದೇ ನಾಟಿ ತಳಿ. ಹಾಲು ಹೊತ್ತಿಗೆ ಎರಡು ಲೀಟರ್ ದಾಟದು. ಆದರೆ ಸುಡು ವೈಶಾಖದಲ್ಲಿ ಒಂದೇ ಸಲಕ್ಕೆ ಗಬ್ಬ. "ತರೂ ಮುಂದ ಹಾಲೆಷ್ಟು ಅಂತ ಕೇಳ್ದಿ, ಗಬ್ಬ ನಿಲ್ಲತದೇನು ಅಂತ ಕೇಳ್ದೇನು?" ಅಂದರು ಅತ್ತೆ. ಕೇಳಿರಲಿಲ್ಲ.

ಬೀದರಿನಲ್ಲಿ ಪಶುವೈದ್ಯ ಓದುವ ತಂಗಿಯ ಮಗ ಬಂದಾಗ ಕ್ಯಾಲೆಂಡರ್ ತೋರಿಸಿದೆ. ಭ್ರೂಣಕ್ಕೆ ಮೊದಲ ಒಂದೆರಡು ದಿನವೇ ಗಂಡಾಂತರವಂತೆ. ಆಗ ತಾಯಿಯ ಮೈ ಕಾದರೆ ಅಲ್ಲೇ ಸಾಯಬಹುದು. ಜೂನಿನ ಮಿರಗದ ಮಳೆ ಬಿದ್ದ ಮೇಲೂ ಏಕೆ ನಿಲ್ಲಲಿಲ್ಲ ಅಂದೆ. "ದೊಡ್ಡವ್ವ, ಮಳಿ ಬಿದ್ದಾಗ ಬಿಡೋ ಅಂಡ ಬ್ಯಾಸಗ್ಯಾಗ ಬೆಳದಿರತದ" ಅಂದ. ಅಂಡವೇ ಬಿಸಿಲು ತಿಂದಿತ್ತು. ನಾನು ಸುಮ್ಮನೆ ಸೆಮೆನ್ ಹಾಕುವವನನ್ನು ಬೈದುಕೊಂಡಿದ್ದೆ.

ನಮ್ಮ ಡುಬ್ಬದ ತಳಿಗಳ ಗಟ್ಟಿತನ ಚರ್ಮ, ಬೆವರುಗಳಲ್ಲಿ ಮಾತ್ರ ಇಲ್ಲ, ಭ್ರೂಣದ ಜೀವಕೋಶವೇ ಎಚ್‌ಎಫ್‌ಗಿಂತ ಹೆಚ್ಚು ಶಾಖ ತಾಳುತ್ತದೆ. ಬ್ರೆಜಿಲ್‌ನ ನೆಲ್ಲೋರ್ ತಳಿಯಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಅದರ ಮೂಲವೋ ಆಂಧ್ರದ ಒಂಗೋಲ್! ನಮ್ಮ ದೇಶದ ದನ ಕಡಲು ದಾಟಿ ಹೋಗಿ ಪಾಠವಾಗಿ ವಾಪಸು ಬಂದಿದೆ.

ಹಾಗಂತ ದೇವಣಿಯಿಂದ ಡೈರಿ ಸಾಲ ತೀರದು. ಹಿಂದೆ ಅದರ ಹೊಟ್ಟೆಯಲ್ಲಿ ಎಚ್‌ಎಫ್‌ಗೆ ಹುಟ್ಟಿದ ಅರ್ಧ ರಕ್ತದ ಮಣಕ ಈಗ ಬೆದೆಗೆ ಬಂದಿದೆ. ಮತ್ತೆ ಎಚ್‌ಎಫ್ ಹಾಕಿಸಿದರೆ ಕರು ಮುಕ್ಕಾಲು ರಕ್ತದ್ದು, ಮತ್ತದೇ ತೇಕು. ದೇವಣಿ ಹಾಕಿಸಿದರೆ ಹಾಲು ಇಳಿಯುತ್ತದೆ. ಅರ್ಧ ರಕ್ತದ ಹೋರಿಯದೇ ಇರಲಿ ಅಂದುಕೊಂಡೆ.

ಆದರೆ ಯಾವ ಹೋರಿ? ಅಮೆರಿಕದಲ್ಲಿ 2003ರಿಂದ ಪ್ರತಿ ಹೋರಿಯ ಹೆಣ್ಣುಮಕ್ಕಳು ಎಷ್ಟು ಬೇಗ ಗಬ್ಬ ಕಟ್ಟುತ್ತವೆಂಬ ಲೆಕ್ಕವನ್ನೂ ಕೊಡುತ್ತಾರಂತೆ. ಈ ಗುಣ ಹಾಲಿನಷ್ಟು ಗಟ್ಟಿಯಾಗಿ ರಕ್ತದಲ್ಲಿ ಇಳಿಯುವುದಿಲ್ಲ. ಮೇವು, ಬಿಸಿಲು, ಆರೈಕೆಯದೇ ದೊಡ್ಡ ಪಾಲು. ಒಂದು ಆಕಳು ನೋಡಿ ಏನೂ ಹೇಳಲಾಗದು, ನೂರಾರು ಹೆಣ್ಣುಮಕ್ಕಳನ್ನು ನೋಡಬೇಕು. ನನ್ನ ಕೈಗೆ ಸಿಕ್ಕ ಚೀಟಿಯಲ್ಲಿ ಇದ್ದದ್ದು ಹೋರಿಯ ತಾಯಿಯ ಹಾಲು ಮಾತ್ರ. ತಾಯಿ ಎಷ್ಟು ಸಲಕ್ಕೆ ಗಬ್ಬ ನಿಂತಿತ್ತು ಅಂತ ಕೇಳಿದ್ದಕ್ಕೆ ಸೆಮೆನ್ ಹಾಕುವವನು ನಕ್ಕ.

ಬೆಳಗ್ಗೆ ಲೋಳೆ ಕಂಡಿತ್ತು, ಸಂಜೆ ಹಾಕಿಸಿದೆ. ಕ್ಯಾಲೆಂಡರಿನಲ್ಲಿ ಈ ಸಲ ನೀಲಿ ಗುರುತು. ಅತ್ತೆ ಮಾತ್ರ ಮಣಕದ ಬೆನ್ನಿಗೆ ಒದ್ದೆ ಗೋಣಿಚೀಲ ಹೊದಿಸಿ ಎರಡು ದಿನ ಕೊಟ್ಟಿಗೆ ಬಿಟ್ಟು ಕದಲಲಿಲ್ಲ.