‘ಶ್ಶ್’ ಅಂದದ್ದೇ ತಪ್ಪಾಯಿತು

“ನೀವು ಹೇಳಿದ್ದನ್ನೇ ಮಾಡಿದಾನೆ ಸಾರ್.”

ಮಂಗಳವಾರ ಬೆಳಿಗ್ಗೆ ಆರೂ ಕಾಲಿಗೆ, ಲಿಫ್ಟಿನೊಳಗೆ, ಎಪ್ಪತ್ತು ದಾಟಿದ ಹಿರಿಯರೊಬ್ಬರು ಒದ್ದೆ ಶೂ ಹಾಕಿಕೊಂಡು ನನ್ನನ್ನೇ ನೋಡುತ್ತಿದ್ದಾಗ ನನ್ನ ಬಾಯಿಂದ ಬಂದ ಮಾತು ಇದು. ‘ಕ್ಷಮಿಸಿ’ ಅನ್ನಬೇಕಿತ್ತು. ಇದು ಬಂತು. ವಾರವಿಡೀ ಹಲ್ಲುಜ್ಜುವಾಗ, ಸಿಗ್ನಲ್ಲಿನಲ್ಲಿ ಗಾಡಿ ನಿಲ್ಲಿಸಿದಾಗ, ರಾತ್ರಿ ದೀಪ ಆರಿಸಿದ ಮೇಲೆ, ಅದೇ ಮಾತು ಕಿವಿಯಲ್ಲಿ ಗುಂಯ್ ಅನ್ನುತ್ತಿದೆ.

ಆದದ್ದು ಇಷ್ಟು. ನಮ್ಮದು ಆರನೇ ಮಹಡಿ. ನಮ್ಮ ನಾಯಿ ಕೆಂಚನನ್ನು ಕೆಳಗೆ ಕರೆದುಕೊಂಡು ಹೋಗುವಾಗ ನಾಲ್ಕರಲ್ಲಿ ಲಿಫ್ಟ್ ನಿಂತಿತು. ಅವರು ಒಳಗೆ ಬಂದರು. ವಾಕಿಂಗಿಗೆ ಹೊರಟಿದ್ದರು. ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ, ಕೈಯಲ್ಲಿ ಉದ್ದ ಕಡ್ಡಿಯ ಕರಿ ಛತ್ರಿ. ಅವರ ಬಗ್ಗೆ ಒಂದು ಮಾತು ಹೇಳಲೇಬೇಕು. ರಿಟೈರಾಗಿ ಹದಿನೈದು ವರ್ಷವಾದರೂ ಸಹಿ ಹಾಕುವ ಚಟ ಬಿಟ್ಟಿಲ್ಲ. ನೋಟಿಸ್ ಬೋರ್ಡಿಗೆ ಯಾವ ಕಾಗದ ಬಂದರೂ ಮೂಲೆಯಲ್ಲಿ ‘ನೋಡಿದೆ’ ಅಂತ ಬರೆದು ಇನಿಷಿಯಲ್ ಹಾಕುತ್ತಾರೆ. ನೀರಿನ ಟ್ಯಾಂಕ್ ತೊಳೆಯುವ ನೋಟಿಸಿಗೂ. ಮೀಟಿಂಗಿನಲ್ಲಿ ‘ನಾಯಿ’ ಅನ್ನುವ ಶಬ್ದ ಬಂದರೆ ಎದ್ದು ನಿಲ್ಲುವವರು ಅವರೊಬ್ಬರೇ.

ಕೆಂಚನಿಗೆ ಅವಸರವಾಗಿತ್ತು. ಕುಂಯ್ ಕುಂಯ್ ಅಂದ. ಹಿರಿಯರು ಛತ್ರಿ ನೆಲಕ್ಕೆ ಊರಿ, ಸ್ವಲ್ಪ ಬಗ್ಗಿ, ತುಟಿ ಮೇಲೆ ಬೆರಳಿಟ್ಟು, ಮಕ್ಕಳಿಗೆ ಹೇಳುವ ಹಾಗೆ ಉದ್ದಕ್ಕೆ ಹೇಳಿದರು: “ಶ್ಶ್ಶ್ಶ್...”

ಕೆಂಚ ಅವರ ಮುಖ ನೋಡಿದ. ನನ್ನ ಮುಖ ನೋಡಿದ. ‘ಇಲ್ಲೇನಾ?’ ಅಂತ ಕೇಳಿದ ಹಾಗಿತ್ತು. ನನಗೆ ಹೊಳೆಯುವಷ್ಟರಲ್ಲಿ ಹಿಂದಿನ ಕಾಲು ಮೇಲೆದ್ದಿತ್ತು. ಗಂಡು ನಾಯಿಯ ಕಣ್ಣಿಗೆ ಊರಿದ ಛತ್ರಿ ಕಂಬವಲ್ಲದೆ ಇನ್ನೇನು?

“ಏನ್ರೀ ಇದು! ಸುಮ್ನಿರು ಅಂದೆ ಅಷ್ಟೇ ನಾನು!”

“ನೀವು ಹೇಳಿದ್ದನ್ನೇ ಮಾಡಿದಾನೆ ಸಾರ್.”

ಸತ್ಯವೇನೋ ಹೌದು. ಆದರೆ ಒದ್ದೆ ಶೂ ಹಾಕಿಕೊಂಡವರ ಮುಂದೆ ಹೇಳುವ ಸತ್ಯವಲ್ಲ. ಅವರು ನೆಲಮಹಡಿ ಬರುವ ತನಕ ಸತ್ತ ಇಲಿ ಹಿಡಿದ ಹಾಗೆ ಛತ್ರಿಯನ್ನು ಮೈಯಿಂದ ದೂರ ಹಿಡಿದು ನಿಂತಿದ್ದರು. ನಾನು ಹಳೇ ಪೇಪರ್, ಫಿನಾಯಿಲ್ ತಂದು ಒರೆಸಿದೆ. ಸ್ವಲ್ಪ ಬಾಗಿಲ ಸಂದಿಗೂ ಹರಿದಿತ್ತು, ಅದನ್ನು ಇಯರ್ ಬಡ್ ಹಾಕಿ ತೆಗೆದೆ.

ಕೆಂಚ ಬೀದಿ ಮರಿ. ಎರಡು ತಿಂಗಳಿದ್ದಾಗ ಹಿಂದಿನ ರಸ್ತೆಯ ಕಟ್ಟಡದ ಜಲ್ಲಿ ರಾಶಿ ಹತ್ತಿರ ಮಗಳಿಗೆ ಸಿಕ್ಕಿದ್ದು. ಬಣ್ಣ ನೋಡಿ ಅಮ್ಮ ಹೆಸರಿಟ್ಟಳು. ಅವನಿಗೆ ಕಲಿಸುತ್ತಾ ನಾನು ಕಲಿತದ್ದೇ ಜಾಸ್ತಿ. ‘ಕೂತ್ಕೋ’ ಅನ್ನುವುದನ್ನು ಕಲಿಸುವುದು ಸುಲಭ. ಮೂಗಿನ ಮೇಲೆ ತಿಂಡಿ ಹಿಡಿದು ಹಿಂದಕ್ಕೆ ಒಯ್ದರೆ ತಲೆ ಮೇಲೆ ಹೋಗುತ್ತೆ, ಕುಂಡೆ ಕೆಳಗೆ ಬರುತ್ತೆ. ಆದರೆ ಆಕಳಿಕೆ? ಸೀನು? ಮೈ ಮುರಿಯುವುದು? ಉಚ್ಚೆ? ಇವನ್ನು ತಿಂಡಿ ತೋರಿಸಿ ಮಾಡಿಸೋಕಾಗಲ್ಲ. ಅದಾಗಿಯೇ ಮಾಡುವ ತನಕ ಕಾಯಬೇಕು. ಮಾಡಿದ ಕ್ಷಣ ‘ಹಾಂ, ಇದೇ’ ಅಂತ ತಿಳಿಸಬೇಕು. ಅದಕ್ಕೊಂದು ಹೆಸರು ಕೊಡಬೇಕು. ತರಬೇತುದಾರರು ಇದಕ್ಕೆ ಕ್ಯಾಪ್ಚರಿಂಗ್ ಅನ್ನುತ್ತಾರೆ. ನಮ್ಮ ಮನೆಯಲ್ಲಿ ‘ಹೊಂಚು ಹಾಕೋದು’ ಅನ್ನುತ್ತೇವೆ.

ಮೊದಲು ಹೊಂಚು ಹಾಕಿ ಹಿಡಿದದ್ದು ‘ನಮಸ್ಕಾರ’. ನಾಯಿ ನಿದ್ದೆಯಿಂದ ಎದ್ದಾಗ ಮುಂಗಾಲು ಚಾಚಿ, ಎದೆ ನೆಲಕ್ಕಿಟ್ಟು, ಹಿಂಭಾಗ ಎತ್ತಿ ಮೈ ಮುರಿಯುತ್ತೆ ನೋಡಿ, ಅದು. ನಾನು ಹದಿನೈದು ದಿನ ಬೆಳಿಗ್ಗೆ ಜೇಬಲ್ಲಿ ಹುರಿಗಡಲೆ ಇಟ್ಟುಕೊಂಡು ಅವನ ಚಾಪೆ ಪಕ್ಕ ಕಾದಿದ್ದೇನೆ. ಎದೆ ನೆಲ ಮುಟ್ಟುತ್ತಿದ್ದ ಹಾಗೆ ನಾಲಿಗೆಯಲ್ಲಿ ‘ಟಕ್’ ಅನ್ನುವುದು, ಕಡಲೆ ಕೊಡುವುದು. ಒಂದು ದಿನ ನನ್ನ ಮುಂದೆ ಬಂದು, ನಿದ್ದೆಯೂ ಇಲ್ಲ ಏನೂ ಇಲ್ಲ, ಬೇಕಂತಲೇ ಮೈ ಮುರಿದು ನನ್ನ ಜೇಬು ನೋಡಿದ. ಆವತ್ತಿನ ಖುಷಿ ಹೇಳತೀರದು. ಈಗ ಮನೆಗೆ ಬಂದವರಿಗೆಲ್ಲ ನಮಸ್ಕಾರ. ಪುರೋಹಿತರಿಗೂ ಮಾಡಿದ, ಅವರು ಗಾಬರಿಯಲ್ಲಿ ಆಶೀರ್ವಾದವನ್ನೂ ಮಾಡಿದರು.

ಈ ವಿದ್ಯೆ ನಾಯಿಗೆ ಬಂದದ್ದರಲ್ಲಿ ಡಾಲ್ಫಿನ್ನಿನ ಪಾಲೂ ಇದೆ. ಅಮೆರಿಕದ ಕ್ಯಾರನ್ ಪ್ರಯರ್ 1960ರ ದಶಕದಲ್ಲಿ ಹವಾಯಿಯಲ್ಲಿ ಡಾಲ್ಫಿನ್‌ಗಳನ್ನು ಪಳಗಿಸುತ್ತಿದ್ದವರು. ಡಾಲ್ಫಿನ್ ಕುತ್ತಿಗೆಗೆ ಹಗ್ಗ ಹಾಕೋಕಾಗುತ್ತಾ? ಬೈದರೆ ನೀರೊಳಗೆ ಮುಳುಗಿ ಆಚೆ ಹೋಗುತ್ತೆ. ಅದು ಸರಿಯಾದದ್ದು ಮಾಡಿದ ಕ್ಷಣಕ್ಕೆ ಸೀಟಿ ಊದುವುದು, ಮೀನು ಕೊಡುವುದು, ಅಷ್ಟೇ ದಾರಿ. ಅದೇ ಸೀಟಿ ಆಮೇಲೆ ನಾಯಿಗಳ ವಿಷಯದಲ್ಲಿ ಟಕ್ ಟಕ್ ಅನ್ನುವ ಕ್ಲಿಕ್ಕರ್ ಆಯಿತು. ನನ್ನದು ಅದೂ ಅಲ್ಲ, ಬರೀ ನಾಲಿಗೆ.

ಉಚ್ಚೆಯ ಪಾಠ ಮಾತ್ರ ಅಮ್ಮನದು.

ಹೋದ ಮಳೆಗಾಲದಲ್ಲಿ ಕೆಂಚ ನಲವತ್ತು ನಿಮಿಷ ಒದ್ದೆ ಹುಲ್ಲು ಮೂಸುತ್ತಿದ್ದ. ಏನೂ ಮಾಡುತ್ತಿರಲಿಲ್ಲ. ಮನೆಗೆ ಬಂದು ಬಾಗಿಲ ಮ್ಯಾಟ್ ಮೇಲೆ ಕೆಲಸ ಮುಗಿಸುತ್ತಿದ್ದ. ಕಣ್ಣು ಕಾಣದವರಿಗೆ ದಾರಿ ತೋರಿಸುವ ನಾಯಿಗಳಿಗೆ ಒಂದು ಪದ ಹೇಳಿದರೆ ಉಚ್ಚೆ ಮಾಡುವುದನ್ನು ಕಲಿಸುತ್ತಾರೆ ಅಂತ ಓದಿದ್ದೆ. ಸರಿ, ಇಂಗ್ಲಿಷಿನಲ್ಲಿ ಏನೇನೋ ಹೇಳಲು ಶುರು ಮಾಡಿದೆ. ಒಂದು ದಿನ ಜೊತೆಗೆ ಬಂದಿದ್ದ ಅಮ್ಮ ನಿಂತು ನೋಡಿದಳು. “ಎಂತ ಮಾರಾಯ, ನಾಯಿ ಹತ್ರ ಇಂಗ್ಲಿಷು? ನಿಂಗೆ ಹಂಗೆ ಕಲಿಸಿದ್ನಾ ನಾನು?”

ಹೌದಲ್ವಾ! ಕೂಸನ್ನು ಎರಡೂ ಪಾದಗಳ ಮೇಲೆ ಕೂರಿಸಿಕೊಂಡು ಬಚ್ಚಲಲ್ಲಿ ‘ಶ್ಶ್ಶ್’ ಅನ್ನದ ಅಜ್ಜಿ ಯಾವ ಊರಲ್ಲಿದ್ದಾಳೆ? ಕೂಸು ತಾನಾಗಿ ಮಾಡುವಾಗ ಸದ್ದು ಸೇರಿಸುವುದು. ನಾಲ್ಕು ವಾರ ಹೋದರೆ ಸದ್ದಿನ ಹಿಂದೆ ಕೆಲಸ ಬರುತ್ತೆ. ಡಾಲ್ಫಿನ್ನೂ ಇಲ್ಲ, ಸೀಟಿಯೂ ಇಲ್ಲ. ನಾನು ಆರು ತಿಂಗಳು ವಿಡಿಯೋ ನೋಡಿ ಕಲಿತದ್ದನ್ನು ಅಮ್ಮ ನಮ್ಮೂರು ಸಾಗರದ ಬಚ್ಚಲುಮನೆಯಲ್ಲಿ ನನ್ನ ಮೇಲೇ ಮಾಡಿ ಮುಗಿಸಿದ್ದಳು.

ಮೂರು ವಾರದಲ್ಲಿ ಕೆಂಚ ಕಲಿತ. ಒಂದೇ ಎಚ್ಚರಿಕೆ: ಮಧ್ಯದಲ್ಲಿ ಹೊಗಳಬಾರದು. ನಾನು ಮೊದಮೊದಲು ಶುರುವಾದ ಕೂಡಲೇ ‘ಭೇಷ್’ ಅನ್ನುತ್ತಿದ್ದೆ. ಅವನು ಅರ್ಧಕ್ಕೇ ನಿಲ್ಲಿಸಿ ಕಡಲೆಗೆ ಓಡಿಬರುತ್ತಿದ್ದ. ಉಳಿದರ್ಧ ಮ್ಯಾಟಿಗೆ.

ಲಿಫ್ಟಿನ ಘಟನೆಯಲ್ಲಿ ನನ್ನನ್ನು ಕಾಡಿದ್ದು ಇನ್ನೊಂದು. ನಮ್ಮ ಮನೆ ಕುಕ್ಕರ್ ದಿನಾ ‘ಶ್ಶ್’ ಅನ್ನುತ್ತೆ. ಕೆಂಚ ಕಿವಿ ಕೂಡ ಅಲುಗಿಸುವುದಿಲ್ಲ. ಮತ್ತೆ ಅಲ್ಲಿ ಯಾಕೆ? ಯೋಚಿಸಿದರೆ ಗೊತ್ತಾಗುತ್ತೆ. ನಾಯಿ ಬರೀ ಸದ್ದನ್ನು ಕಲಿಯುವುದಿಲ್ಲ, ಸುತ್ತಲಿನದ್ದನ್ನೂ ಸೇರಿಸಿ ಕಲಿಯುತ್ತೆ. ಕುತ್ತಿಗೆಗೆ ಬೆಲ್ಟು, ಬೆಳಗಿನ ಹೊತ್ತು, ತುಂಬಿದ ಹೊಟ್ಟೆ, ತನ್ನ ಕಡೆ ಬಗ್ಗಿದ ಒಂದು ಹಿರಿಯ ಮುಖ. ಎಲ್ಲಾ ಇತ್ತು. ಹುಲ್ಲು ಒಂದಿರಲಿಲ್ಲ. ಅದಕ್ಕೇ ನನ್ನ ಮುಖ ನೋಡಿದ್ದು. ನಾನು ‘ಬೇಡ’ ಅನ್ನಲಿಲ್ಲ.

ಅಂದರೆ ನಿಜವಾಗಿ ಆ ಮಾತು ಹೀಗಿರಬೇಕಿತ್ತು: ‘ತಪ್ಪು ನನ್ನದು ಸಾರ್.’

ಗುರುವಾರ ಸಂಜೆ ಮತ್ತೆ ಅದೇ ಲಿಫ್ಟು, ಅದೇ ಹಿರಿಯರು. ಕೆಂಚ ಇರಲಿಲ್ಲ. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದರು. ಮಹಡಿ ನಂಬರು ನೋಡುತ್ತಾ, ನನ್ನ ಕಡೆ ತಿರುಗದೆ ಕೇಳಿದರು: “ಆ ಸದ್ದು... ಮನುಷ್ಯರಿಗೂ ಕೆಲಸ ಮಾಡುತ್ತೇನ್ರೀ?”

ನಗು ಬರಬೇಕಿತ್ತು. ಬರಲಿಲ್ಲ. ಆರೂ ಕಾಲಿಗೆ ವಾಕಿಂಗ್ ಹೊರಡುವವರು ರಾತ್ರಿ ಎಷ್ಟು ಸಲ ಎದ್ದಿರುತ್ತಾರೋ. “ನಲ್ಲಿ ಬಿಟ್ಟುಕೊಂಡು ನೋಡಿ ಸಾರ್, ಕೆಲವರಿಗೆ ಆಗುತ್ತೆ. ಆದ್ರೂ ಡಾಕ್ಟರಿಗೆ ಒಮ್ಮೆ ತೋರಿಸಿ” ಅಂದೆ. “ಹ್ಞೂಂ” ಅಂದರು. ನಾಲ್ಕು ಬಂತು, ಇಳಿದು ಹೋದರು. ಅವರ ಮೇಲಿದ್ದ ಸಿಟ್ಟೆಲ್ಲ ಕರಗಿತು ಅಂತ ಹೇಳಲಾರೆ. ನೋಟಿಸಿನ ಮೂಲೆಯ ಇನಿಷಿಯಲ್ ನೋಡಿದರೆ ಈಗಲೂ ಮೈ ಉರಿಯುತ್ತೆ.

ಅವರಿಗೆ ಹೇಳದೆ ಉಳಿದದ್ದು ಅಪ್ಪನ ಕಥೆ. ಅಪ್ಪನಿಗೆ ಹರ್ನಿಯಾ ಆಪರೇಷನ್ ಆದ ದಿನ. ಬೆನ್ನಿಗೆ ಅರಿವಳಿಕೆ ಕೊಟ್ಟಿದ್ದರಿಂದ ಉಚ್ಚೆ ಕಟ್ಟಿಕೊಂಡಿತ್ತು. ಹಾಗೆ ಆಗುವುದುಂಟಂತೆ. ನರ್ಸಮ್ಮ ಎರಡು ಸಲ ಬಂದು ಕೇಳಿದರು. ಇನ್ನೊಂದು ಗಂಟೆ ನೋಡಿ ಟ್ಯೂಬ್ ಹಾಕುತ್ತೇವೆ ಅಂದರು. ಅಪ್ಪ ನಾಚಿಕೆಯ ಮನುಷ್ಯ. ನನ್ನ ಹೆಗಲು ಹಿಡಿದು ಬಾತ್‌ರೂಮಿಗೆ ಹೋಗುವುದು, ಸುಮ್ನೆ ವಾಪಸ್ ಬರುವುದು. ಮೂರನೇ ಸಲ ಅಮ್ಮ “ನೀ ಹೊರಗೆ ನಿಲ್ಲು” ಅಂದು ತಾನೇ ಒಳಗೆ ಹೋದಳು. ಅರ್ಧ ಮುಚ್ಚಿದ ಬಾಗಿಲ ಆಚೆ ನಲ್ಲಿ ಬಿಟ್ಟ ಸದ್ದು. ಆಮೇಲೆ ಅಮ್ಮನ ಧ್ವನಿ, ಮೆತ್ತಗೆ: “ಶ್ಶ್ಶ್...” ನಲವತ್ತೆಂಟು ವರ್ಷ ಸಂಸಾರ ಮಾಡಿದ ಗಂಡನಿಗೆ. “ಹುಚ್ಚಿ, ಸುಮ್ನಿರೇ” ಅಂತ ಅಪ್ಪ ಗದರಿದರು. ಅವಳು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನಲ್ಲಿಯದಲ್ಲದ ಸದ್ದು ಕೇಳಿತು. ಕಾರಿಡಾರಿನಲ್ಲಿ ನಿಂತು ನಾನು ಗೋಡೆ ಕಡೆ ಮುಖ ತಿರುಗಿಸಿಕೊಂಡೆ.

ಅಪ್ಪ ಹೋಗಿ ಈಗ ಎರಡು ವರ್ಷ.

ಅದೇ ಅಮ್ಮ ಸಾಗರದಿಂದ ರಾತ್ರಿ ಬಸ್ಸಿಗೆ ಹೊರಡುವ ದಿನ ಮಧ್ಯಾಹ್ನದಿಂದಲೇ ನೀರು ಕುಡಿಯುವುದಿಲ್ಲ. ಬಸ್ಸು ಎಲ್ಲಿ ನಿಲ್ಲಿಸುತ್ತಾರೋ, ನಿಲ್ಲಿಸಿದ ಕಡೆ ಹೆಂಗಸರಿಗೆ ಜಾಗ ಇರುತ್ತೋ ಇಲ್ಲವೋ. ಡ್ರೈವರ್ ಹತ್ತಿರ ಹೋಗಿ ‘ನಿಲ್ಸಪ್ಪಾ’ ಅಂತ ಕೇಳುವುದಕ್ಕಿಂತ ಬಾಯಿ ಒಣಗಿಸಿಕೊಂಡು ಕೂರುವುದೇ ವಾಸಿ ಅವಳಿಗೆ. ಕಟ್ಟಿಕೊಂಡಿರುವುದನ್ನು ನಮಗೆ ಎಷ್ಟು ಚೆನ್ನಾಗಿ ಕಲಿಸಿದ್ದಾರೆ! ಮನೆ, ಶಾಲೆ, ಬಸ್ಸು, ಆಫೀಸು, ಎಲ್ಲಾ ಕಡೆ. ಒಂದನೇ ಕ್ಲಾಸಿನಲ್ಲಿ ಕಿರುಬೆರಳು ಎತ್ತಿ ‘ಮಿಸ್, ಒಂದಕ್ಕೆ’ ಅಂದರೆ, ‘ಈಗ ತಾನೇ ಬೆಲ್ ಆಯ್ತಲ್ಲ, ಕೂತ್ಕೋ’ ಅನ್ನುತ್ತಿದ್ದರು. ಬೆಂಚಿನ ತುದಿಯಲ್ಲಿ ಕಾಲು ಒತ್ತಿಕೊಂಡು ಕೂತಿದ್ದು ನೆನಪಿದೆ. ಆ ಟೀಚರ್ ಒಳ್ಳೆಯವರೇ, ಮಗ್ಗಿ ಚೆನ್ನಾಗಿ ಹೇಳಿಕೊಡುತ್ತಿದ್ದರು. ಹದಿಮೂರರ ಮಗ್ಗಿ ಹೇಳುವಾಗ ಇವತ್ತಿಗೂ ನನ್ನ ಕಾಲು ಒತ್ತಿಕೊಳ್ಳುತ್ತೆ.

ಶುಕ್ರವಾರ ಮನೆಯಲ್ಲಿ ಸಭೆ. ಸದ್ದು ಬದಲಾಯಿಸಲೇಬೇಕು. ಯಾರೂ ಅಕಸ್ಮಾತ್ ಬಾಯಿಗೆ ತಾರದ ಪದ ಬೇಕು.

“ಜೋಗ” ಅಂದಳು ಮಗಳು.

“ಶರಾವತಿ 253 ಮೀಟರ್ ಎತ್ತರದಿಂದ ಬೀಳ್ತಾಳೆ. ನಿಮ್ಮ ನಾಯಿ ಉಚ್ಚೆಗೆ ನಮ್ಮೂರ ಜೋಗ ಬೇಕಾ?” ಅಮ್ಮನಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು.

“ಮಳೆಗಾಲದಲ್ಲಿ ಜೋಗ, ಬೇಸಿಗೆಯಲ್ಲಿ ಲಿಂಗನಮಕ್ಕಿ” ಅಂತ ಹೆಂಡತಿ ಸೇರಿಸಿದಳು. ಅಮ್ಮ ಎದ್ದು ಒಳಗೆ ಹೋದಳು. ಬಾಗಿಲಿನಿಂದಲೇ ತಿರುಗಿ ಕಿರುಬೆರಳು ಎತ್ತಿ ತೋರಿಸಿದಳು. “ಇದನ್ನ ಕಲಿಸು. ಸದ್ದೇ ಬೇಡ.”

ಅದಕ್ಕಿಂತ ಒಳ್ಳೆಯದು ಯಾರಿಗೂ ಹೊಳೆಯಲಿಲ್ಲ. ನಾಯಿಗೆ ಮಾತಿಗಿಂತ ಕೈಸನ್ನೆ ಬೇಗ ಹತ್ತುತ್ತೆ. ಬದಲಾಯಿಸುವ ಕ್ರಮವೂ ಸರಳ. ಹೊಸದು ಮೊದಲು, ಹಳೆಯದು ಆಮೇಲೆ. ಬೆರಳು ಎತ್ತುವುದು, ಒಂದು ಕ್ಷಣ ಬಿಟ್ಟು ‘ಶ್ಶ್’ ಅನ್ನುವುದು. ಸ್ವಲ್ಪ ದಿನಕ್ಕೆ ಬೆರಳು ನೋಡುತ್ತಿದ್ದ ಹಾಗೇ ಅವನಿಗೆ ಮುಂದಿನದ್ದು ಗೊತ್ತಾಗುತ್ತೆ, ‘ಶ್ಶ್’ ಬೇಕಾಗುವುದಿಲ್ಲ. ಎರಡನ್ನೂ ಒಟ್ಟಿಗೆ ಮಾಡಿದರೆ ಮಾತ್ರ ಕೆಡುತ್ತೆ.

ನಿನ್ನೆ ರಾತ್ರಿ ಹತ್ತೂವರೆ. ಜಿಟಿಜಿಟಿ ಮಳೆ. ಹೊಂಗೆ ಮರದ ಕೆಳಗೆ ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಬೆಲ್ಟು ಮತ್ತು ಕಿರುಬೆರಳು. ಕೆಂಚ ಕಾರಿನ ಕೆಳಗಿನ ಬೆಕ್ಕು ನೋಡುತ್ತಿದ್ದ. ನಾನು ಬೆರಳು ಎತ್ತಿಕೊಂಡೇ ನಿಂತಿದ್ದೆ, ಅವನು ಈ ಕಡೆ ತಿರುಗಲಿ ಅಂತ. ಗೇಟಿನ ಕೋಣೆಯಿಂದ ವಾಚ್‌ಮನ್ ಇಣುಕಿದ. ರಾಯಚೂರಿನ ಕಡೆಯ ಹುಡುಗ, ಕೆಲಸಕ್ಕೆ ಸೇರಿ ವಾರ ಆಗಿಲ್ಲ. ನನ್ನ ಬೆರಳು ನೋಡಿದ, ಮುಖ ನೋಡಿದ. ಟಾರ್ಚ್ ಹಾಕಿ ದಾರಿ ತೋರಿಸಿದ.

“ಜನರೇಟರ್ ಹಿಂದ ಐತ್ರಿ ಸರ. ಹೋಗಿ ಬರ್ರಿ, ನಾಯಿ ನಾ ಹಿಡ್ಕೊಂಡಿರ್ತೀನಿ.”