5-2ರಿಂದ 5-7

ಭಾನುವಾರ ಬೆಳಿಗ್ಗೆ ಏಳೂವರೆಗೆ ನಾನು 5-2 ಗೇಮ್‌ಗಳಿಂದ ಮುಂದಿದ್ದೆ. ಎಂಟೂಕಾಲಿಗೆ 5-7ಕ್ಕೆ ಸೋತು, ಕಟ್ಟೆ ಮೇಲೆ ಕೂತು ಶೂ ಬಿಚ್ಚಿ ಕೆಂಪು ಮಣ್ಣು ಕೊಡವುತ್ತಿದ್ದೆ.

ಮೈಸೂರಿನ ನಮ್ಮ ಕ್ಲಬ್ಬಿನ ಸಣ್ಣ ಟೆನಿಸ್ ಟೂರ್ನಿ. ಒಂದೇ ಸೆಟ್, ಅಂಪೈರ್ ಇಲ್ಲ. ಎದುರಿಗೆ ಬ್ಯಾಂಕಿನಿಂದ ರಿಟೈರ್ ಆದವರೊಬ್ಬರು. 61 ವರ್ಷ, ಎಡ ಮಂಡಿಗೆ ನೀಕ್ಯಾಪ್. ನಾನು ಬೀಸಿ ಬೀಸಿ ಹೊಡೆದರೆ ಅವರು ಸುಮ್ನೆ ರಾಕೆಟ್ ಒಡ್ಡಿ ಬಾಲನ್ನು ಮೇಲಕ್ಕೆ ಎತ್ತಿಬಿಡುತ್ತಿದ್ದರು. ಅದು ಚಾಮುಂಡಿ ಬೆಟ್ಟ ಹತ್ತಿ ಇಳಿದಷ್ಟು ನಿಧಾನವಾಗಿ ಬಂದು ನನ್ನ ಹಿಂದಿನ ಗೆರೆ, ಅಂದರೆ ಬೇಸ್‌ಲೈನ್ ಹತ್ತಿರ ಬೀಳುತ್ತಿತ್ತು.

ಸ್ಟ್ರಿಂಗ್ ಲೂಸಾಗಿತ್ತು, ಬಿಸಿಲು ಕಣ್ಣಿಗೆ ಹೊಡೀತಿತ್ತು ಅಂತ ಮನೆಯಲ್ಲಿ ಹೇಳಿದೆ. "ಸೈಡ್ ಬದಲಾಯಿಸ್ತೀರಲ್ವಾ, ಅವರಿಗೆ ಹೊಡೀಲಿಲ್ವಾ?" ಅಂದಳು ಹೆಂಡತಿ. ನನ್ನ ಜೊತೆ ಕೂತು ಟಿವಿಯಲ್ಲಿ ಮ್ಯಾಚ್ ನೋಡಿದ್ದರ ಫಲ. ವಯಸ್ಸಿನ ನೆಪವೂ ನಡೆಯಲಿಲ್ಲ. ಪಕ್ಕದ ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಅವರಿಗೆ 43. ನನಗೆ 44. ಎದುರಿಗಿದ್ದವರಿಗೋ 61! 2019ರ ವಿಂಬಲ್ಡನ್ ಫೈನಲ್‌ನಲ್ಲಿ ಫೆಡರರ್ 218 ಪಾಯಿಂಟ್ ಗೆದ್ದೂ, 204 ಗೆದ್ದ ಜೊಕೊವಿಚ್‌ಗೆ ಸೋತಿದ್ದರು. ನನ್ನದೂ ಹಾಗೇ ಇರಬಹುದೇನೋ ಅಂತ ನೆನಪಿದ್ದಷ್ಟು ಪಾಯಿಂಟ್ ಕೂಡಿಸಿ ನೋಡಿದೆ. ಅಲ್ಲೂ ಅವರೇ ಮುಂದೆ.

ಮನೆಯಲ್ಲಿ ಹೇಳದೇ ಇದ್ದದ್ದು ಬೇರೆ.

5-3ರಲ್ಲಿ ಸರ್ವ್ ನನ್ನದು. ಗೆದ್ದೇಬಿಟ್ಟೆ ಅನ್ನಿಸಿತು ನೋಡಿ, ಕೈ ಬಿಗಿಯಾಯ್ತು. 30-30 ಆಯ್ತು. ಅವರು ಮೇಲಕ್ಕೆ ಎತ್ತಿದ ಬಾಲ್ ಒಂದು ನನ್ನ ಹಿಂದೆ ಬಿತ್ತು. "ಔಟ್" ಅಂದೆ. ಅಂಪೈರ್ ಇಲ್ಲದ ಆಟದಲ್ಲಿ ನಮ್ಮ ಕಡೆ ಬಿದ್ದ ಬಾಲಿನ ತೀರ್ಪು ನಮ್ಮದೇ. ಅನುಮಾನ ಬಂದರೆ ಪಾಯಿಂಟ್ ಎದುರಿನವರಿಗೆ. ಅವರು ತಲೆಯಾಡಿಸಿ ತಮ್ಮ ಜಾಗಕ್ಕೆ ಹೋದರು. ಆಮೇಲೆ ತಿರುಗಿ ನೋಡಿದೆ. ಮಣ್ಣಿನ ಕೋರ್ಟಿನಲ್ಲಿ ಬಾಲ್ ಬಿದ್ದ ಗುರುತು ಉಳಿಯುತ್ತದೆ. ಮೊಟ್ಟೆಯಾಕಾರದ ಗುರುತು, ಅದರ ಅಂಚು ಬಿಳಿ ಗೆರೆಗೆ ತಾಗಿತ್ತು. ಅಂದರೆ ಬಾಲ್ ಒಳಗೇ ಬಿದ್ದಿತ್ತು. ಶೂ ಎಳೆದು ಅಳಿಸಿಬಿಟ್ಟೆ.

40-30. ಮ್ಯಾಚ್ ಪಾಯಿಂಟ್, ಇನ್ನೊಂದು ಸಿಕ್ಕರೆ ಗೆಲುವು. ಮೊದಲ ಸರ್ವ್ ನೆಟ್ಟಿಗೆ. ಎರಡನೆಯದೂ ನೆಟ್ಟಿಗೆ. ಅಲ್ಲಿಂದ ಮುಂದೆ ಒಂದು ಗೇಮೂ ಸಿಗಲಿಲ್ಲ.

"ಚೆನ್ನಾಗಿ ಆಡಿದ್ರಿ, ಬ್ಯಾಡ್ ಲಕ್ ಅಷ್ಟೇ" ಅಂತ ಕೈ ಕುಲುಕಿದರು. ಆಗಲೇ ಹೇಳಬಹುದಿತ್ತು. ಹೇಗೂ ಸೋತಿದ್ದೀನಲ್ಲ, ಈಗ ಹೇಳಿ ಏನು ಬಂತು ಅಂತ ಸುಮ್ಮನಾದೆ. ಗೆದ್ದಿದ್ದರೆ ಹೇಳುತ್ತಿದ್ದೆನಾ? ಅದೂ ಅನುಮಾನವೇ.

ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿ ಮೊದಲು ನನಗೇ ಕೊಟ್ಟರು. "ನನಗೆ ಶುಗರ್, ಅದಕ್ಕೇ ಸಕ್ಕರೆ ಹಾಕಿಲ್ಲ. ಪರವಾಗಿಲ್ವಾ?"

"ನಾನೂ ಹಾಗೇ ಕುಡಿಯೋದು ಸಾರ್" ಅಂದೆ. ಅದೂ ಸುಳ್ಳೇ.