ಒಟ್ಲು ಹಾಕಿದ ದಿನಗಳಲ್ಲಿ ಕೋಳಿಯ ಲೆಕ್ಕ

ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟರೆಂಬ ಸುದ್ದಿ ಬಂದೊಡನೆ ಮಂಡ್ಯ ಸೀಮೆಯ ನಮ್ಮ ಊರಿನಲ್ಲಿ ಭತ್ತದ ಒಟ್ಲಿಗೆ, ಅಂದರೆ ಸಸಿಮಡಿಗೆ, ಪಾತಿ ಸಿದ್ಧವಾಗುತ್ತದೆ. ಅದರ ಬೆನ್ನಲ್ಲೇ ಕೋಳಿ ಸಾಕಿದವರ ಮನೆ ಬಾಗಿಲಿಗೆ ಒಂದು ಕೋರಿಕೆಯೂ ಬರುತ್ತದೆ. ಮೊಳಕೆ ಕಟ್ಟಿದ ಭತ್ತವನ್ನು ಚೆಲ್ಲಿದ ಪಾತಿಗೆ ನಾಲ್ಕು ಕೋಳಿ ನುಗ್ಗಿದರೆ ಸಾಕು, ತಿಂದದ್ದಕ್ಕಿಂತ ಕೆದರಿ ಕೆಡಿಸಿದ್ದೇ ಹೆಚ್ಚಾಗುತ್ತದೆ. ಹಿತ್ತಲಾಚೆಯ ಗದ್ದೆಯವರು ಬಂದು, "ಅಕ್ಕಾ, ಒಟ್ಲು ಹಾಕಿದ್ದೀವಿ, ಪೈರು ಕೀಳೋಗಂಟ ಕೋಳಿ ಕೂಡಾಕ್ಕೊಳ್ಳಿ" ಎಂದಾಗ ಇಲ್ಲವೆನ್ನುವ ಮಾತೇ ಇರಲಿಲ್ಲ. ಪೈರು ನಾಟಿಗೆ ಬರಲು ಮೂರು ವಾರವಾದರೂ ಬೇಕು. ದನದ ಕೊಟ್ಟಿಗೆಯ ಪಕ್ಕದ ಜಾಗಕ್ಕೆ ಬಲೆ ಕಟ್ಟಿ, ಆರು ನಾಟಿ ಹ್ಯಾಟೆಗಳು (ಹೆಣ್ಣು ಕೋಳಿಗಳು), ಎರಡು ಗಿರಿರಾಜ ಕೋಳಿಗಳು, ಒಂದು ಹುಂಜ, ಮರಿಗಳ ಸಮೇತ ಒಂದು ತಾಯಿಕೋಳಿ, ಇಷ್ಟನ್ನೂ ಒಳಗೆ ಸೇರಿಸಿದೆವು.

ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಕೋಳಿಗೆ ಇಷ್ಟು ಮೇವು ಎಂಬ ಲೆಕ್ಕವೇ ಇರಲಿಲ್ಲ. ಬೆಳಿಗ್ಗೆ ಗೂಡು ತೆರೆಯುವಾಗ ಅತ್ತೆ ಒಂದು ಹಿಡಿ ರಾಗಿ ಎರಚುತ್ತಿದ್ದರು, ಸಂಜೆ ಗೂಡಿಗೆ ಕರೆಯಲು ಇನ್ನೊಂದು ಹಿಡಿ. ಉಳಿದದ್ದನ್ನು ತಿಪ್ಪೆ, ಬೇಲಿಸಾಲು, ಕಬ್ಬಿನ ಗದ್ದೆಯ ಬದು ನೋಡಿಕೊಳ್ಳುತ್ತಿದ್ದವು. ಬಲೆಯೊಳಗೆ ಕೂಡಿದ ದಿನ ಅದೇ ಒಂದು ಹಿಡಿ ಬಿದ್ದಲ್ಲೇ ಮಾಯವಾಗಿ, ಎಲ್ಲ ಕೋಳಿಗಳೂ ಬಲೆಗೆ ಕತ್ತು ತೂರಿಸಿಕೊಂಡು ನಿಂತಾಗ, ಹಿತ್ತಲು ದಿನವೂ ಸದ್ದಿಲ್ಲದೆ ಎಷ್ಟು ಮೇವು ಒದಗಿಸುತ್ತಿತ್ತೆಂಬುದು ಕಣ್ಣಿಗೆ ಕಂಡಿತು. ಅಡುಗೆಮನೆಯ ತಕ್ಕಡಿಯನ್ನು ಹೊರಗೆ ತಂದು ಕೂತೆ. "ಕೋಳಿಗೆ ತೂಕ ಮಾಡಿ ಹಾಕೋರ್ನ ಇವತ್ತೇ ಕಂಡಿದ್ದು ಕಣವ್ವ" ಎಂದರು ಅತ್ತೆ.

ಫಾರಂಗಳಲ್ಲಿ ಹೆಚ್ಚುಕಡಿಮೆ ದಿನವೂ ಮೊಟ್ಟೆಯಿಡುವ ಒಂದೂವರೆ ಕಿಲೋ ತೂಕದ ಕೋಳಿ ದಿನಕ್ಕೆ 100ರಿಂದ 120 ಗ್ರಾಂ ಮೇವು ತಿನ್ನುತ್ತದೆ. ಈ ಅಂಕಿಯನ್ನೇ ಎಲ್ಲರೂ ಹೇಳುತ್ತಾರೆ, ಆದರೆ ಅದನ್ನು ಹಾಗೆಯೇ ಹಿತ್ತಿಲ ಕೋಳಿಗೆ ಹೊಂದಿಸಲಾಗದು. ನಾಟಿ ಹ್ಯಾಟೆ ಮೈಯಲ್ಲೂ ಚಿಕ್ಕದು, ಮೊಟ್ಟೆಯೂ ಕಡಿಮೆ, ಒಂದು ಸರದಿ ಇಟ್ಟು ಕಾವಿಗೆ ಕೂರುವ ಸ್ವಭಾವದ್ದು; ಅದಕ್ಕೆ 80 ಗ್ರಾಂ ಸಾಕೆಂದು ಇಟ್ಟುಕೊಂಡೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ತಳಿ ಹಿತ್ತಿಲಿಗೆಂದೇ ಮಾಡಿದ್ದಾದರೂ ಅದರ ಮೈತೂಕ ನಾಟಿ ಕೋಳಿಗಿಂತ ಬಹಳ ಹೆಚ್ಚಾದ್ದರಿಂದ 120 ಗ್ರಾಮಿಗಿಂತ ಕಡಿಮೆ ಹಾಕಿದರೆ ಅದು ಸೊರಗುತ್ತದೆ. ಹುಂಜಕ್ಕೆ 100 ಎಂದು ಹಿಡಿದರೆ, ತಾಯಿಕೋಳಿ ಮತ್ತು ಮರಿಗಳನ್ನು ಬಿಟ್ಟು, ದಿನಕ್ಕೆ 820 ಗ್ರಾಂ ಆಯಿತು. ನಮ್ಮ ಮನೆಯ ಪಾವಿನಲ್ಲಿ ರಾಗಿ ಸುಮಾರು 200 ಗ್ರಾಂ ತೂಗುತ್ತದೆ. ಅಂದರೆ ನಾಲ್ಕು ಪಾವಿನ ಒಂದು ಸೇರಿಗೂ ತುಸು ಮೇಲೆ. ಅತ್ತೆಗೆ ಗ್ರಾಮಿನ ಮಾತು ಒಪ್ಪಿಗೆಯಾಗದಿದ್ದರೂ ಸೇರಿನ ಮಾತು ಒಪ್ಪಿಗೆಯಾಯಿತು.

ತೂಕ ಗೊತ್ತಾದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಇಲ್ಲಿಯೇ ನನಗೆ ಹೆಚ್ಚು ಹೇಳಬೇಕೆನಿಸುತ್ತದೆ, ಏಕೆಂದರೆ ಹಿತ್ತಿಲ ಕೋಳಿಯ ವಿಷಯ ಬಂದಾಗ "ಎಷ್ಟು" ಎಂದು ಕೇಳುವವರಷ್ಟು ಜನ "ಏನು" ಎಂದು ಕೇಳುವುದಿಲ್ಲ. ಹೊರಗೆ ಮೇಯುವ ಕೋಳಿ ಕಾಳಿಗಿಂತ ಹೆಚ್ಚಾಗಿ ಹುಳು, ಗೆದ್ದಲು, ಎರೆಹುಳು, ಎಳೆಯ ಗರಿಕೆ ಇವುಗಳಿಂದಲೇ ತನ್ನ ಪ್ರೋಟೀನನ್ನು ಒದಗಿಸಿಕೊಳ್ಳುತ್ತದೆ. ಅದನ್ನು ಒಳಗೆ ಕೂಡಿ ಅಷ್ಟೇ ತೂಕದ ರಾಗಿಯನ್ನೋ ಜೋಳವನ್ನೋ ಸುರಿದರೆ ಹೊಟ್ಟೆ ತುಂಬುತ್ತದೆ, ಮೈಯಲ್ಲಿ ಕೊಬ್ಬು ಸೇರುತ್ತದೆ, ಮೊಟ್ಟೆ ನಿಲ್ಲುತ್ತದೆ. ಮೊಟ್ಟೆಯಿಡುವ ಕೋಳಿಯ ಮೇವಿನಲ್ಲಿ ಶೇಕಡಾ 16ರಷ್ಟು ಪ್ರೋಟೀನ್ ಇರಬೇಕು. ರಾಗಿಯಲ್ಲಿರುವುದು 7ರ ಆಸುಪಾಸು, ಮುಸುಕಿನ ಜೋಳದಲ್ಲಿ 9. ಆದ್ದರಿಂದ ಮುಸುಕಿನ ಜೋಳದ ನುಚ್ಚು 330 ಗ್ರಾಂ, ರಾಗಿ 150, ಅಕ್ಕಿ ತೌಡು 140, ಕಡಲೆಕಾಯಿ ಹಿಂಡಿ 200 ಗ್ರಾಂ, ಜೊತೆಗೆ ಒಂದಿಷ್ಟು ಖನಿಜ ಮಿಶ್ರಣ ಎಂದು ಬೆರೆಸಿದೆ. ಹಿಂಡಿಯ ಪಾಲು ಹೆಚ್ಚೆಂದು ಮನೆಯವರಿಗೆ ಕಂಡಿತು, ಆದರೆ ಹಿಂಡಿ ಹೆಚ್ಚುಕಡಿಮೆ ಕಾಲು ಭಾಗ ಇಲ್ಲದಿದ್ದರೆ ಈ ಲೆಕ್ಕ ಕೂಡುವುದಿಲ್ಲ. ಮಳೆಗಾಲವಾದ್ದರಿಂದ ಹಿಂಡಿಯನ್ನು ವಾರಕ್ಕೆ ಬೇಕಾದಷ್ಟೇ ತರಿಸಿದೆವು. ತೇವ ತಗುಲಿ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ಮತ್ತು ಜೋಳದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಸೇರಿ ಕೋಳಿಯ ಈಲಿಯನ್ನು (ಯಕೃತ್ತನ್ನು) ಕೆಡಿಸುತ್ತದೆ. ದನಕ್ಕೂ ಆಗದ ಹಿಂಡಿಯನ್ನು ಕೋಳಿಗೆ ಹಾಕಿ ಮುಗಿಸುವ ನಮ್ಮ ಕಡೆಯ ಪದ್ಧತಿ ಕೂಡಲೇ ನಿಲ್ಲಬೇಕಾದದ್ದು.

ಕಪ್ಪೆಚಿಪ್ಪಿನ ಚೂರನ್ನು ಮೇವಿಗೆ ಬೆರೆಸದೆ ಬೇರೆ ತಟ್ಟೆಯಲ್ಲಿಟ್ಟೆ. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು, ಚಿಪ್ಪು ಕಟ್ಟುವ ಕೆಲಸ ಬಹುಪಾಲು ರಾತ್ರಿಯಲ್ಲಿ ನಡೆಯುತ್ತದೆ; ಮೊಟ್ಟೆಯಿಡುವ ಕೋಳಿ ಸಂಜೆಯ ಹೊತ್ತಿಗೆ ತಾನಾಗಿಯೇ ಆ ತಟ್ಟೆಗೆ ಬರುತ್ತದೆ, ಹುಂಜ ಅದರತ್ತ ತಿರುಗಿಯೂ ನೋಡುವುದಿಲ್ಲ. ಇಡಿಯ ಕಾಳನ್ನು ಅರೆಯಲು ಕಂದನಕಾಯಿಗೆ, ಅಂದರೆ ಕೋಳಿಯ ಅರೆಯುವ ಜಠರಕ್ಕೆ, ಸಣ್ಣ ಹರಳುಗಲ್ಲು ಬೇಕಾದ್ದರಿಂದ ಒಂದು ಬೊಗಸೆ ದಪ್ಪ ಮರಳನ್ನೂ ಇಟ್ಟೆ. ನಾಲೆಯಂಚಿನ ಹೊನಗೊನೆ ಸೊಪ್ಪು, ಮನೆಯ ನುಗ್ಗೆಸೊಪ್ಪು ಇವುಗಳ ಕಟ್ಟನ್ನು ಕೊಕ್ಕಿಗೆ ಎಟಕುವಂತೆ ಬಲೆಗೆ ತೂಗುಹಾಕಿದರೆ ಒಂದಕ್ಕೊಂದು ಕುಕ್ಕಿಕೊಳ್ಳುವುದು ಕಡಿಮೆಯಾಗುತ್ತದೆ, ಮೊಟ್ಟೆಯ ಭಂಡಾರದ, ಅಂದರೆ ಹಳದಿಯ, ಬಣ್ಣವೂ ಉಳಿಯುತ್ತದೆ. ನೀರು ತೂಕದಲ್ಲಿ ಮೇವಿನ ಎರಡರಷ್ಟು ಬೇಕು. ಉಳಿದ ಮುದ್ದೆ ಹಾಕಬಹುದು, ಉಪ್ಪುಸಾರು ಬೆರೆತದ್ದು ಬೇಡ.

ತಾಯಿಕೋಳಿ ಮತ್ತು ಮರಿಗಳದ್ದೇ ಬೇರೆ ಪೇಚು. ಮರಿ ಮೊದಲ ವಾರದಲ್ಲಿ ದಿನಕ್ಕೆ 10 ಗ್ರಾಮಿನಷ್ಟು, ತಿಂಗಳ ಹೊತ್ತಿಗೆ 30 ಗ್ರಾಮಿನಷ್ಟು ತಿನ್ನುತ್ತದೆ. ಅದಕ್ಕೆ ಪ್ರೋಟೀನ್ ಹೆಚ್ಚಿರಬೇಕು, ಕ್ಯಾಲ್ಸಿಯಂ ಕಡಿಮೆಯಿರಬೇಕು. ಅಂಗಡಿಯಲ್ಲಿ ಸಿಗುವ, ಮೊಟ್ಟೆಕೋಳಿಗೆಂದು ಮಾಡಿದ ಲೇಯರ್ ಮ್ಯಾಶನ್ನೇ ಮರಿಗಳಿಗೂ ಹಾಕಿದರೆ ಅದರಲ್ಲಿನ ಕ್ಯಾಲ್ಸಿಯಂ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ಅತ್ತೆ ಒಂದು ಮಂಕರಿಯನ್ನು ಬೋರಲು ಹಾಕಿ, ಅಂಚಿಗೆ ಎರಡು ಕಲ್ಲು ಕೊಟ್ಟು ಎತ್ತರಿಸಿ, ಮರಿಗಳು ಮಾತ್ರ ನುಸುಳುವಷ್ಟು ಸಂದು ಬಿಟ್ಟು, ಒಳಗೆ ಮರಿಗಳ ಮೇವಾದ ಚಿಕ್ ಮ್ಯಾಶ್ ಇಟ್ಟರು. ಇಷ್ಟು ಸರಳವಾದ ಏರ್ಪಾಡನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹಾಕಿದ್ದು ಸಾಕಾಗಿದೆಯೇ ಎಂದು ತಿಳಿಯಲು ನಂಬಬಹುದಾದ ದಾರಿ ಕೋಳಿಯ ಕತ್ತಿನ ಬುಡದಲ್ಲಿರುವ ಮೇವಿನ ಚೀಲ. ಕತ್ತಲಾಗಿ ಕೋಳಿಗಳು ಕೂತ ಮೇಲೆ ಬ್ಯಾಟರಿ ಹಿಡಿದು ಒಂದೊಂದನ್ನೇ ಮುಟ್ಟಿ ನೋಡಿದೆ. ಹೊಟ್ಟೆ ತುಂಬಿದ ಕೋಳಿಯ ಚೀಲ ಉಬ್ಬಿ ಕೈಗೆ ತುಂಬಿಕೊಂಡಂತೆ ಸಿಗುತ್ತದೆ, ಬೆಳಗಾಗುವಷ್ಟರಲ್ಲಿ ಬರಿದಾಗಿರುತ್ತದೆ. ಎಲ್ಲವೂ ತುಂಬಿದ್ದವು, ಬೂದುಬಣ್ಣದ ಒಂದು ಹ್ಯಾಟೆಯದ್ದು ಮಾತ್ರ ಖಾಲಿ. ಒಟ್ಟು ಮೇವು ಸಾಕಷ್ಟಿತ್ತು, ತೊಟ್ಟಿಯ ತಳದಲ್ಲಿ ಪುಡಿಯೂ ಉಳಿದಿತ್ತು, ಆದರೆ ಗಿರಿರಾಜಗಳೆರಡೂ ತೊಟ್ಟಿಯ ಬಾಯಿಗೆ ಅಡ್ಡ ನಿಂತು ಅದನ್ನು ಹತ್ತಿರ ಬಿಟ್ಟಿರಲಿಲ್ಲ. ಹೊರಗಾದರೆ ಬಡಪಾಯಿ ಕೋಳಿ ಬೇರೆ ದಿಕ್ಕಿಗೆ ಹೋಗಿ ಕೆದರಿಕೊಳ್ಳುತ್ತದೆ, ಬಲೆಯೊಳಗೆ ಅದಕ್ಕೆ ದಾರಿಯಿಲ್ಲ. ಮರುದಿನ ಮೇವಿನ ತೂಕವನ್ನು ಹೆಚ್ಚಿಸದೆ, ಎದುರುಬದುರು ಮೂಲೆಗಳಲ್ಲಿ ಎರಡು ತೊಟ್ಟಿ ಇಟ್ಟು, ಎರಡನ್ನೂ ಅರ್ಧಕ್ಕಿಂತ ಹೆಚ್ಚು ತುಂಬಿಸದೆ ಬಿಟ್ಟೆ. ತುಂಬಿದ ತೊಟ್ಟಿಯಿಂದ ಕೋಳಿ ಕೊಕ್ಕಿನಲ್ಲಿ ಮೇವನ್ನು ಹೊರಗೆ ಚೆಲ್ಲುವುದೇ ಹೆಚ್ಚು. ಆ ರಾತ್ರಿ ಬೂದು ಹ್ಯಾಟೆಯ ಚೀಲವೂ ತುಂಬಿತ್ತು.

ಬೆಳಿಗ್ಗೆ ಮೂರರಲ್ಲಿ ಎರಡು ಪಾಲು ಮಿಶ್ರಣ, ಸಂಜೆ ಉಳಿದ ಪಾಲು ಎಂಬ ಕ್ರಮ ನಿಂತಿತು. ರಾಗಿಯನ್ನು ಸಂಜೆಗೇ ಮೀಸಲಿಟ್ಟೆವು, ಇಡಿಯ ಕಾಳು ನಿಧಾನವಾಗಿ ಅರೆದು ರಾತ್ರಿಯಿಡೀ ಒದಗುತ್ತದೆ. ಸೆಕೆಯ ದಿನ ತೊಟ್ಟಿಯಲ್ಲಿ ಮೇವು ಉಳಿಯುತ್ತಿತ್ತು, ಜಡಿಮಳೆಯ ದಿನ ಚೊಕ್ಕಟವಾಗುತ್ತಿತ್ತು. ನಾಟಿ ಮುಗಿದು ಬಲೆ ಬಿಚ್ಚಿದ ಮೇಲೆ ಮೇವನ್ನು ಒಮ್ಮೆಲೇ ನಿಲ್ಲಿಸಲಿಲ್ಲ. ಬೆಳಗಿನ ಪಾಲನ್ನು ದಿನೇ ದಿನೇ ತಗ್ಗಿಸುತ್ತ ಹೋಗಿ, ನಾಟಿ ಹ್ಯಾಟೆಗಳಿಗೆ ತಲಾ 40 ಗ್ರಾಂ ಸಂಜೆಯ ಕಾಳಿಗೆ ತಂದು ನಿಲ್ಲಿಸಿದೆವು. ಗಿರಿರಾಜಗಳಿಗೆ ಮಾತ್ರ ಅದರ ಎರಡರಷ್ಟನ್ನು ಈಗಲೂ ಬೇರೆಯಾಗಿ ಹಾಕುತ್ತೇವೆ, ಏಕೆಂದರೆ ಅವು ನಾಟಿ ಕೋಳಿಯಷ್ಟು ದೂರ ಅಲೆದು ಮೇಯುವುದಿಲ್ಲ.